ಹೋಗ್ತೇವ್ರಿ ಅಂದ್ರ ನೀರ ಬರ್ತಾವ

ನಮ್ಮ ಸಿ ವಿಂಗ್ ಸ್ವತಂತ್ರವಾಗಲು ತೀರ್ಮಾನಿಸಿದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳೂವರೆಗೆ, ಅರ್ಧ ಮೈಗೆ ಸೋಪು ಹಚ್ಚಿಕೊಂಡಿದ್ದಾಗ. ಆರನೇ ಮಹಡಿಯ ಗೃಹಸ್ಥರೊಬ್ಬರು ಬಚ್ಚಲುಮನೆಯಿಂದಲೇ ವಾಟ್ಸಾಪಿನಲ್ಲಿ ಘೋಷಣೆ ಹೊರಡಿಸಿದರು: ಇನ್ನು ಸಾಕು, ನಮ್ಮ ನೀರಿನ ಟಾಕಿ ನಮಗೆ, ನಿಮ್ಮ ಟಾಕಿ ನಿಮಗೆ. ಹತ್ತು ನಿಮಿಷದೊಳಗೆ ಮೂವತ್ತು ಹೆಬ್ಬೆರಳು ಮೇಲೆದ್ದವು. ಸ್ವಾತಂತ್ರ್ಯದ ಘೋಷಣೆಗೆ ಇಷ್ಟು ಬೇಗ ಹೆಬ್ಬೆಟ್ಟು ಬಿದ್ದದ್ದು ಚರಿತ್ರೆಯಲ್ಲೇ ಅಪರೂಪ ಇರಬೇಕು. ಸೋಪು ಒಣಗುತ್ತಿದ್ದರೆ ಮನುಷ್ಯನಿಗೆ ರಾಜಕೀಯ ಪ್ರಜ್ಞೆ ತಾನಾಗಿಯೇ ಬರುತ್ತದೆ.

ವಾಕಡ ಗೊತ್ತಿಲ್ಲದವರಿಗೆ ಎರಡು ಮಾತು. ಪುಣೆಯ ಪಶ್ಚಿಮದ ಅಂಚಿನಲ್ಲಿ ಮುಂಬಯಿ-ಬೆಂಗಳೂರು ಹೆದ್ದಾರಿಗೆ ಅಂಟಿಕೊಂಡ ಊರು ಇದು. ಪಕ್ಕದ ಹಿಂಜವಡಿಯ ಐಟಿ ಪಾರ್ಕಿನಲ್ಲಿ ದುಡಿಯುವವರು ಇಲ್ಲಿ ಮಲಗುತ್ತಾರೆ. 1997ರಲ್ಲಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿತು. ಹಳೇ ಊರಿನವರಿಗೆ ಮ್ಹಾತೋಬಾ ದೇವರು, ಹೊಸಬರಿಗೆ ಹೋಮ್ ಲೋನು. ರಾತ್ರಿ ಊಟದ ಹೊತ್ತಿಗೆ ವಾಕಡ ಸೇತುವೆಯ ಕೆಳಗೆ ನಿಂತರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಕಾಯುವವರ ಕನ್ನಡ ಕಿವಿಗೆ ಬೀಳುತ್ತದೆ. ಇನ್ನು ನೀರು. 2019ರ ನವೆಂಬರಿನಿಂದ ಈ ನಗರಕ್ಕೆಲ್ಲ ನಳದ ನೀರು ದಿನ ಬಿಟ್ಟು ದಿನ. ಉಳಿದ ದಿನ ಟ್ಯಾಂಕರು.

ನಮ್ಮ ಸೊಸೈಟಿಯಲ್ಲಿ ಮೂರು ವಿಂಗು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಎ ವಿಂಗಿನವರು. ಅದಕ್ಕೇ ನಾವು ಅದಕ್ಕೆ ದಿಲ್ಲಿ ಅನ್ನುತ್ತೇವೆ. ಬಿ ವಿಂಗಿನಲ್ಲಿ ಜಿಮ್ಮು ಇರುವುದರಿಂದ ಅದು ಸದಾ ಅಲಿಪ್ತ. ಸಿ ವಿಂಗು ಪೈಪಿನ ತುದಿಯಲ್ಲಿದೆ. ಟ್ಯಾಂಕರಿನ ನೀರು ನೆಲದಡಿಯ ಟಾಕಿಗೆ ಬಿದ್ದು, ಎ ವಿಂಗಿನ ಕಾರು ತೊಳೆದು, ಬಿ ವಿಂಗಿನ ತುಳಸಿಗೆ ಉಣಿಸಿ, ಮನಸ್ಸಿದ್ದರೆ ನಮ್ಮ ಕಡೆ ಬರುತ್ತದೆ. ತಿಂಗಳ ಮೇಂಟೆನೆನ್ಸ್ ಮಾತ್ರ ಮೂರೂ ವಿಂಗಿಗೆ ಸಮ.

ಅರ್ಜಿ ಕೊಡಲಿಲ್ಲವೇ ಅಂತ ಕೇಳಬೇಡಿ. ಎರಡು ವರ್ಷ ಕೊಟ್ಟೆವು. ಅರ್ಜಿಗಳ ಸ್ವೀಕೃತಿಗೆ ಅಧ್ಯಕ್ಷರು ಒಂದು ರಬ್ಬರ್ ಸ್ಟ್ಯಾಂಪನ್ನೇ ಮಾಡಿಸಿದ್ದರು, ಅದು ನಿಜಕ್ಕೂ ಚೆನ್ನಾಗಿತ್ತು.

ಪ್ರತ್ಯೇಕತೆಯ ಉಪಾಯ ಹೊಳೆಸಿದವನು ಟ್ಯಾಂಕರಿನ ಡ್ರೈವರ್ ಕಾಕಾ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವನು, ಉಮದಿ ಕಡೆಯ ಹಳ್ಳಿ. ಮನೆಮಾತು ಕನ್ನಡ, ರೇಶನ್ ಕಾರ್ಡು ಮರಾಠಿ. ಹುಟ್ಟೂರಿನಲ್ಲಿ ನೀರಿಲ್ಲ ಅಂತ ಪುಣೆಗೆ ಬಂದವನು ಇಲ್ಲಿ ನೀರು ಮಾರುವ ಗಾಡಿ ಓಡಿಸುತ್ತಾನೆ. ಹೊರಗಡೆ ಉರುಳಿ ಬಿದ್ದ ಚಪ್ಪಲಿಯನ್ನು ಕಾಲಲ್ಲೇ ನೇರ ಮಾಡಿಕೊಳ್ಳುತ್ತ, ಸೊಂಡಿಲಿನಂಥ ಪೈಪನ್ನು ನಮ್ಮ ಟಾಕಿಯ ಬಾಯಿಗೆ ಇಳಿಬಿಟ್ಟು, ತಂಬಾಕು ತಿಕ್ಕುತ್ತ ನಿಂತಿದ್ದ. ನನ್ನ ಗೋಳು ಪೂರ್ತಿ ಕೇಳಿಸಿಕೊಂಡ.

‘ಸಾಹೇಬ್ರ, ನೀರ ಕೊಡ್ರಿ ಅಂತ ನಾವೂ ವರ್ಷಗಟ್ಟಲೆ ಅರ್ಜಿ ಬರದ್ವಿ. ಯಾವನೂ ಹೊಳ್ಳಿ ನೋಡ್ಲಿಲ್ಲ. ಕರ್ನಾಟಕಕ್ಕ ಹೋಗ್ತೇವಿ ಅಂತ ಒಂದ ಹಾಳಿ ಬರದ್ವಿ. ಟಿವಿ ಗಾಡಿ ಬಂದ್ವು, ಮಂತ್ರಿ ಬಂದಾ, ಹಿಂದಿಂದ ನೀರೂ ಬಂದ್ವು. ಹೋಗ್ತೇವ್ರಿ ಅಂದ್ರ ನೀರ ಬರ್ತಾವ. ಕೊಡ್ರಿ ಅಂದ್ರ ಬರೂದಿಲ್ಲ.’

ಇದಕ್ಕಿಂತ ಸ್ಪಷ್ಟವಾದ ರಾಜ್ಯಶಾಸ್ತ್ರವನ್ನು ನಾನು ಯಾವ ಕಾಲೇಜಿನಲ್ಲೂ ಕೇಳಿಲ್ಲ.

ಕಾಕಾ ಹೇಳಿದ ಹಾಳಿಗೆ ಒಂದು ಚರಿತ್ರೆ ಇದೆ. ಜತ್ತ ತಾಲೂಕಿನ ನಲವತ್ತರಷ್ಟು ಗ್ರಾಮಪಂಚಾಯತಿಗಳು ನೀರಿನ ಬರದಿಂದ ಬೇಸತ್ತು ಕರ್ನಾಟಕ ಸೇರುವ ಠರಾವು ಮಾಡಿದ್ದು 2012ರ ಸುಮಾರಿಗೆ. ಠರಾವು ಬೀರುವಿನಲ್ಲಿ ಹತ್ತು ವರ್ಷ ತಣ್ಣಗೆ ಮಲಗಿತ್ತು. 2022ರ ನವೆಂಬರಿನಲ್ಲಿ ಎರಡು ರಾಜ್ಯಗಳ ಗಡಿ ದಾವೆ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ವಿಚಾರಣೆಗೆ ಬರುವ ಸದ್ದಾದಾಗ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಎಬ್ಬಿಸಿ ಕೂರಿಸಿದರು. ಜತ್ತದ ಬೇಡಿಕೆಯನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದೇವೆ ಅಂದರು. ಆ ಠರಾವು ಹಳೆಯದು, ಒಂದು ಹಳ್ಳಿಯೂ ಎಲ್ಲಿಗೂ ಹೋಗುವುದಿಲ್ಲ ಅಂತ ಮರುದಿನವೇ ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರ ಉತ್ತರ ಬಂತು. ಆಮೇಲೆ ಶುರುವಾಯಿತು ನೋಡಿ, ಹತ್ತು ವರ್ಷ ಯಾರಿಗೂ ಬೇಡವಾಗಿದ್ದ ಮದುಮಗಳಿಗೆ ಎರಡು ಕಡೆಯಿಂದ ವರ. ಕರ್ನಾಟಕ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಗಡಿಯಾಚೆಗೆ ನೀರು ಬಿಟ್ಟಿತು. ಮಹಾರಾಷ್ಟ್ರ ಜತ್ತದ ಉಳಿದ ಹಳ್ಳಿಗಳಿಗಾಗಿ ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಸುಮಾರು 2,000 ಕೋಟಿ ರೂಪಾಯಿಯ ಕಡತ ಹುಡುಕಿ ತೆಗೆಯಿತು. ಎರಡೂ ಕೃಷ್ಣೆಯದೇ ನೀರು. ಗುಡ್ಡ ಹತ್ತುವುದಿಲ್ಲ ಅಂತ ಅಲ್ಲಿಯ ತನಕ ಹೇಳುತ್ತಿದ್ದ ಅದೇ ಕೃಷ್ಣೆ.

ಜತ್ತದವರನ್ನು ಇದಕ್ಕೂ ಮುಂಚೆ ಯಾರಾದರೂ ಕೇಳಿದ್ದರೇ? ಡಫಳೆ ರಾಜರ ಸಂಸ್ಥಾನವಾಗಿದ್ದ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಸಾತಾರಾ ಜಿಲ್ಲೆಯಾಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು, ಜಿಲ್ಲೆಯ ಹೆಸರು ಸಾಂಗಲಿಯಾಯಿತು. ಕಾಕಾನ ಅಜ್ಜ ಕಟ್ಟೆಯ ಮೇಲಿಂದ ಕದಲದೆ ಇಷ್ಟೂ ವಿಳಾಸ ಬದಲಿಸಿದ್ದಾನೆ. ಪ್ರತಿ ಸಲವೂ ಮೇಲಿನವರು ಸಹಿ ಹಾಕಿದರು, ಅಜ್ಜ ಎಲೆ-ಅಡಕೆ ಹಾಕಿದ.

ಕೇಂದ್ರ ಸರ್ಕಾರ ಏನು ಮಾಡಿತು ಅನ್ನುವುದು ಈ ಕತೆಯ ತಿರುಳು. 2022ರ ಡಿಸೆಂಬರಿನ ಮೊದಲ ವಾರ ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿ ಟೋಲಿನಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಅದಕ್ಕೆ ಪ್ರತಿಯಾಗಿ ಇಲ್ಲಿ ಪುಣೆಯ ಸ್ವಾರಗೇಟಿನ ಬಳಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿದರು. ವಾಕಡದ ಕನ್ನಡಿಗರು ಕೆಎ ನಂಬರಿನ ಕಾರುಗಳನ್ನು ಬೇಸ್‌ಮೆಂಟಿನ ಕತ್ತಲೆ ಮೂಲೆಗೆ ತಳ್ಳಿ, ಮೇಲೆ ಹೊದಿಕೆ ಹೊದೆಸಿ, ಲಿಫ್ಟಿನಲ್ಲಿ ಮರಾಠಿ ಅಭ್ಯಾಸ ಮಾಡಿದ ವಾರ ಅದು. ಡಿಸೆಂಬರ್ 14ರಂದು ಗೃಹಸಚಿವ ಅಮಿತ್ ಶಾ ಎರಡೂ ರಾಜ್ಯದವರನ್ನು ಸಂಸತ್ ಭವನಕ್ಕೆ ಕರೆಸಿ ಕೂರಿಸಿದರು. ಹೊರಬಿದ್ದ ಪರಿಹಾರ ಹೀಗೆ: ಈ ಕಡೆಯ ಮೂವರು, ಆ ಕಡೆಯ ಮೂವರು, ಒಟ್ಟು ಆರು ಮಂತ್ರಿಗಳ ಸಮಿತಿ, ಶಾಂತಿಪಾಲನೆಗೆ ಹಿರಿಯ ಐಪಿಎಸ್ ಅಧಿಕಾರಿಯ ಇನ್ನೊಂದು ಸಮಿತಿ, ಸುಪ್ರೀಂ ಕೋರ್ಟು ಹೇಳುವ ತನಕ ಯಾರೂ ಯಾರ ಊರನ್ನೂ ಕೇಳುವಂತಿಲ್ಲ. ಮತ್ತು ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಬೆಂಕಿ ಹಚ್ಚಿವೆ, ಅವುಗಳ ಮೇಲೆ ಎಫ್‌ಐಆರ್!

ಭಾಷಾವಾರು ರಾಜ್ಯಗಳಾದ 1956ರ ನವೆಂಬರ್ 1ರಿಂದ ಲೆಕ್ಕ ಹಿಡಿದರೆ 66 ವರ್ಷದ ಜಗಳ. ಕಳ್ಳ ಕೊನೆಗೂ ಸಿಕ್ಕ. ಟ್ವಿಟರ್ ಹುಟ್ಟಿದ್ದು 2006ರಲ್ಲಿ. ಅದಕ್ಕೆ ಮುಂಚಿನ ಐವತ್ತು ವರ್ಷ ಯಾರ ನಕಲಿ ಖಾತೆಯಿತ್ತೋ, ತನಿಖೆಯಾಗಬೇಕು.

ಊರು ಕೇಳುವಂತಿಲ್ಲ ಅಂತ ಒಪ್ಪಿ ಬಂದವರು ಎಂಟು ದಿನ ತಡೆದುಕೊಂಡರು. ಡಿಸೆಂಬರ್ 22ರಂದು ಕರ್ನಾಟಕದ ವಿಧಾನಸಭೆ ಒಂದಿಂಚೂ ಕೊಡೆವು ಅಂತ ಸರ್ವಾನುಮತದ ನಿರ್ಣಯ ಮಾಡಿತು. 27ರಂದು ಮಹಾರಾಷ್ಟ್ರ ವಿಧಾನಮಂಡಲ 865 ಊರುಗಳ ಒಂದೊಂದಿಂಚೂ ಬೇಕು ಅಂತ ಸರ್ವಾನುಮತದ ನಿರ್ಣಯ ಮಾಡಿತು. ಆ 865ರಲ್ಲಿ ಬೆಳಗಾವಿಯೂ ಬಂತು, ಕಾರವಾರವೂ ಬಂತು, ಬೀದರವೂ ಬಂತು. ದಿಲ್ಲಿ, ಬೆಂಗಳೂರು, ಮುಂಬಯಿ ಮೂರೂ ಕಡೆ ಆಗ ಸರ್ಕಾರದ ಬಂಡಿಗೆ ಒಂದೇ ಪಕ್ಷ ಹೆಗಲು ಕೊಟ್ಟಿತ್ತು. ಮನೆಯೊಳಗಿನ ಮೂವರು ಅಣ್ಣತಮ್ಮಂದಿರು ಬೇಲಿಯ ವಿಷಯಕ್ಕೆ ಬೀದಿಯಲ್ಲಿ ಬೈದಾಡಿ, ರಾತ್ರಿ ಒಂದೇ ಪಂಕ್ತಿಯಲ್ಲಿ ಉಂಡಂತೆ.

ಸಮಿತಿ ಮಾಡುವುದರಲ್ಲಿ ದಿಲ್ಲಿಗೆ ಪಳಗಿದ ಕೈ. 1960ರಲ್ಲಿ ನಾಲ್ವರ ಸಮಿತಿ ಆಗಿತ್ತು, ಒಮ್ಮತ ಬರಲಿಲ್ಲ. 1966ರಲ್ಲಿ ಸೇನಾಪತಿ ಬಾಪಟರು ಉಪವಾಸ ಕೂತ ಮೇಲೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ಬಂತು. ಈ ಮಹಾಜನರು ಸಾಮಾನ್ಯರಲ್ಲ, 1947ರ ಅಕ್ಟೋಬರಿನಲ್ಲಿ ಕಾಶ್ಮೀರ ಭಾರತಕ್ಕೆ ಸೇರುವಾಗ ಅಲ್ಲಿನ ಮಹಾರಾಜರ ಪ್ರಧಾನಮಂತ್ರಿಯಾಗಿದ್ದವರು. ಜನರನ್ನು ಕೇಳಿಯೇ ತೀರ್ಮಾನ ಅಂತ ಅಲ್ಲಿ ಮಾತು ಕೊಟ್ಟಾಗಿತ್ತು, ವಿಶ್ವಸಂಸ್ಥೆಯಲ್ಲಿ ಠರಾವೂ ಆಗಿತ್ತು. ಆ ಮತಪತ್ರ ಮುದ್ರಣಕ್ಕೇ ಹೋಗಲಿಲ್ಲ. ಅಂಥ ಅನುಭವಸ್ಥರು ಇಲ್ಲಿ ಬಂದು 1967ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಮಹಾರಾಷ್ಟ್ರ ಆಗ ಕೇಳಿದ್ದು 814 ಊರು. ವರದಿ ಬೆಳಗಾವಿಯನ್ನು ನಮ್ಮಲ್ಲೇ ಉಳಿಸಿತು, ನಿಪ್ಪಾಣಿ-ಖಾನಾಪುರ ಕಡೆ ಕೆಲವು ಊರು ಅವರಿಗೆ, ಅಕ್ಕಲಕೋಟೆ ಮತ್ತು ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರಭಾಗ ನಮಗೆ ಅಂದಿತು. ಆಯೋಗ ಬೇಕು ಅಂತ ಹಟ ಹಿಡಿದಿದ್ದ ಮಹಾರಾಷ್ಟ್ರ ವರದಿ ಬೇಡ ಅಂದಿತು. ಆಯೋಗವೇ ಬೇಡ ಅಂದಿದ್ದ ನಾವು ವರದಿಯೇ ಅಂತಿಮ ಅಂದೆವು. ಅಂದಿನಿಂದ ಇಂದಿನವರೆಗೂ ಅದು ಅಂತಿಮವಾಗಿಯೇ ಇದೆ, ಆರಂಭವೇ ಆಗದೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ದಾವೆಗೆ ಈಗ ಮದುವೆ ವಯಸ್ಸು ದಾಟಿದೆ.

ಹಾಗಂತ ದಿಲ್ಲಿ ಜನರನ್ನು ಕೇಳುವುದೇ ಇಲ್ಲ ಅನ್ನಬೇಡಿ, ಅದು ಅನ್ಯಾಯ. ಉತ್ತರಪತ್ರಿಕೆ ಮೊದಲೇ ಕೈಗೆ ಸಿಕ್ಕಿದ್ದರೆ ಪರೀಕ್ಷೆ ಇಡಲು ಅದಕ್ಕೆ ಯಾವ ಸಂಕೋಚವೂ ಇಲ್ಲ. 1948ರ ಫೆಬ್ರವರಿ 20ರಂದು ಜುನಾಗಢದಲ್ಲಿ ಕೇಳಿದರು. ನವಾಬರು ಅಷ್ಟು ಹೊತ್ತಿಗೆ ನಾಯಿಗಳ ಸಮೇತ ಕರಾಚಿ ಸೇರಿ ತಿಂಗಳುಗಳಾಗಿದ್ದವು. ಭಾರತಕ್ಕೆ 1,90,779 ಮತ. ಪಾಕಿಸ್ತಾನಕ್ಕೆ 91. ನನಗೆ ಆ ತೊಂಬತ್ತೊಂದು ಮಂದಿಯ ಮೇಲೆ ಬಹಳ ಕುತೂಹಲ. ಮರುದಿನ ಬೆಳಿಗ್ಗೆ ಹಾಲು ತರಲು ಹೋದಾಗ ಅಕ್ಕಪಕ್ಕದವರು ಹೇಗೆ ನೋಡಿರಬೇಕು ಪಾಪ. ಗುಪ್ತ ಮತದಾನವೇನೋ ಸರಿ, ಊರಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ!

ದಿಲ್ಲಿ ಎಡವಿದ್ದು ಒಂದೇ ಸಲ, ಗೋವಾದಲ್ಲಿ. ಅಲ್ಲಿ ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ಪಕ್ಷ ಹುಟ್ಟಿದ್ದೇ ಮಹಾರಾಷ್ಟ್ರದಲ್ಲಿ ಲೀನವಾಗಲು. ಚುನಾವಣೆ ಗೆದ್ದವರು ಅವರೇ ಆದ್ದರಿಂದ ಫಲಿತಾಂಶ ಗೊತ್ತಿರುವುದೇ ಅಂತ ಮುಂಬಯಿ ನಂಬಿತ್ತು. ಸಂಸತ್ತು 1966ರ ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ಕಾಯ್ದೆಯ ಹೆಸರಿನಲ್ಲಿ ಜನಮತಗಣನೆ ಅನ್ನುವ ಅಪಶಕುನದ ಮಾತು ಬರದ ಹಾಗೆ ಎಚ್ಚರ ವಹಿಸಿ ‘ಒಪಿನಿಯನ್ ಪೋಲ್’ ಅಂತ ಕರೆದರು, ಸಾಬೂನಿನ ಕಂಪನಿಯವರು ಮನೆಗೆ ಬಂದು ಕೇಳುವ ಹಾಗೆ. 1967ರ ಜನವರಿ 16ರಂದು ಮತದಾನ. ಹೂವಿಗೆ ಒತ್ತಿದರೆ ಮಹಾರಾಷ್ಟ್ರ, ಎರಡು ಎಲೆಗೆ ಒತ್ತಿದರೆ ಕೇಂದ್ರಾಡಳಿತ. ಮೂರನೇ ಚಿತ್ರ ಇರಲಿಲ್ಲ. ಎಲೆಗೆ 1,72,191 ಬಿತ್ತು, ಹೂವಿಗೆ 1,38,170. ಭಾಷೆಯಲ್ಲಿ, ಊಟದಲ್ಲಿ, ಜಾತ್ರೆಯಲ್ಲಿ ಇಷ್ಟು ಹತ್ತಿರದವರು ನಿಮ್ಮ ಮನೆಗೆ ಬರುವುದಿಲ್ಲ ಅಂದದ್ದು ಇಲ್ಲಿನವರಿಗೆ ಬಹಳ ನೋವಾಯಿತು. ತಮಾಷೆಯೆಂದರೆ ಕೆಲವೇ ತಿಂಗಳಲ್ಲಿ ಬಂದ ವಿಧಾನಸಭಾ ಚುನಾವಣೆಯಲ್ಲಿ ಅದೇ ಜನ ಅದೇ ಬಾಂದೋಡಕರರನ್ನು ಮತ್ತೆ ಗೆಲ್ಲಿಸಿದರು. ನೀನು ಬೇಕಪ್ಪ, ನೀನು ಹೋಗೋಣ ಅನ್ನುವ ಊರು ಬೇಡ. ಜನರಿಗೆ ಇಷ್ಟು ನಯವಾಗಿ ಯೋಚಿಸಲು ಬರುತ್ತದೆ ಅನ್ನುವುದೇ ದಿಲ್ಲಿಗೆ ಗಾಬರಿ ಹುಟ್ಟಿಸಿರಬೇಕು.

ಸಿಕ್ಕಿಮಿನಲ್ಲಿ ಅಂಥ ಅಚಾತುರ್ಯ ಮರುಕಳಿಸಲಿಲ್ಲ. 1975ರ ಏಪ್ರಿಲ್ 9ರಂದು ಭಾರತದ ಸೈನ್ಯ ಅರಮನೆಯ ಕಾವಲಿನವರ ಕೈಯಿಂದ ಬಂದೂಕು ಇಸಿದುಕೊಂಡಿತು. 10ರಂದು ಅಲ್ಲಿನ ವಿಧಾನಸಭೆಯ ನಿರ್ಣಯ. 14ಕ್ಕೆ ಮತದಾನ. ಆ ಗುಡ್ಡಗಾಡಿನಲ್ಲಿ ನಾಲ್ಕು ದಿನಕ್ಕೆ ಒಂದು ಮದುವೆ ಪತ್ರಿಕೆ ಹಂಚಿ ಮುಗಿಸಲಾರಿರಿ. ಪರ 59,637, ವಿರುದ್ಧ 1,496. ಮೇ 16ಕ್ಕೆ ಸಿಕ್ಕಿಂ 22ನೇ ರಾಜ್ಯ. ನಮ್ಮ ವಾಕಡದಲ್ಲಿ ರಸ್ತೆಯ ಒಂದು ಗುಂಡಿ ಮುಚ್ಚಲು ಇದಕ್ಕಿಂತ ಹೆಚ್ಚು ದಿನ ಬೇಕು.

ಇವೆಲ್ಲ ಒಳಗೆ ಬರುವವರ ಲೆಕ್ಕ. ಹೊರಗೆ ಹೋಗುತ್ತೇವೆ ಅನ್ನುವವರಿಗೆ 1963ರ 16ನೇ ತಿದ್ದುಪಡಿಯಲ್ಲೇ ಬೀಗ ಬಿತ್ತು. ದ್ರಾವಿಡನಾಡು ಕೇಳುತ್ತಿದ್ದ ಡಿಎಂಕೆ ಆ ಬೇಡಿಕೆಯನ್ನು ಮಡಿಚಿ ಒಳಗಿಟ್ಟಿತು. ರಾಜ್ಯದಿಂದ ರಾಜ್ಯಕ್ಕೆ ಹೋಗಬೇಕೆಂದರೆ ಸಂವಿಧಾನದ 3ನೇ ವಿಧಿ. ಸಂಸತ್ತು ಸರಳ ಬಹುಮತದಿಂದ ಗೆರೆ ಬದಲಿಸಬಹುದು, ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಆದರೆ ಅದರಂತೆ ನಡೆಯಬೇಕಿಲ್ಲ. ಹಳ್ಳಿಯವರ ಅಭಿಪ್ರಾಯದ ಪ್ರಸ್ತಾಪವೇ ಅಲ್ಲಿಲ್ಲ. ಅತ್ತೆ ಮನೆಯವರೂ ತವರಿನವರೂ ಕೂತು ಮಾತಾಡುವಾಗ ಹುಡುಗಿ ಒಳಗೆ ಕಾಫಿ ಸೋಸುತ್ತಿರಬೇಕು.

ನಮ್ಮ ಸಿ ವಿಂಗಿನವರು ಇಷ್ಟೆಲ್ಲ ಓದಿರಲಿಲ್ಲ. ಎಂಟನೇ ಮಹಡಿಯ ಹುಡುಗನೊಬ್ಬ ಮಾತ್ರ ಕಂಪನಿಯ ಕೆಲಸದ ಮೇಲೆ ಬಾರ್ಸಿಲೋನಾದಲ್ಲಿ ಎರಡು ವರ್ಷ ಇದ್ದು ಬಂದವನು. ಸ್ಪೇನಿನಿಂದ ಬೇರೆಯಾಗಲು ಕಟಲೋನಿಯಾದವರು 2017ರ ಅಕ್ಟೋಬರ್ 1ರಂದು ಹೀಗೇ ಮತ ಹಾಕಿದರು, ನಾವೂ ಹಾಕೋಣ ಅಂದ. ದೀಪಾವಳಿಯ ಕಾಜುಕತ್ಲಿ ಡಬ್ಬಿಯ ಮುಚ್ಚಳ ಸೀಳಿ ಮತಪೆಟ್ಟಿಗೆಯಾಯಿತು. ಅದನ್ನು ಯಾರ ಮನೆಯಲ್ಲಿ ಇಡಬೇಕೆಂಬುದು ದೊಡ್ಡ ರಹಸ್ಯ. ಅಲ್ಲಿಯೂ ಹಾಗೇ ಮಾಡಿದ್ದರಂತೆ: ಚೀನಾದಿಂದ ಪ್ಲಾಸ್ಟಿಕ್ ಪೆಟ್ಟಿಗೆ ತರಿಸಿ, ಫ್ರಾನ್ಸಿನ ಗಡಿಯಾಚೆ ಬಚ್ಚಿಟ್ಟು, ಹಿಂದಿನ ರಾತ್ರಿ ಮನೆಮನೆಯಿಂದ ಹೊರತಂದದ್ದು. ಮ್ಯಾಡ್ರಿಡ್ ಸರ್ಕಾರ ಮುಂಚೆಯೇ ಒಂದು ಗೋದಾಮಿನ ಮೇಲೆ ದಾಳಿ ಮಾಡಿ ಕೋಟಿ ಸಂಖ್ಯೆಯ ಮತಪತ್ರ ಹಿಡಿದಿತ್ತು. ಜನರನ್ನು ತಡೆಯಲು ಸಾವಿರಾರು ಪೊಲೀಸರನ್ನು ಕಳಿಸಿತು, ಅವರಲ್ಲಿ ಕೆಲವರಿಗೆ ಬಂದರಿನಲ್ಲಿ ಹಡಗೊಂದರಲ್ಲಿ ವಸತಿ. ಹಡಗಿನ ಮೈಮೇಲೆ ಮಕ್ಕಳ ಕಾರ್ಟೂನು: ದೊಡ್ಡ ಹಳದಿ ಟ್ವೀಟಿ ಹಕ್ಕಿ, ಕರಿ ಬಾತುಕೋಳಿ. ಒಂದು ದೇಶದ ಅಖಂಡತೆ ಕಾಯಲು ಬಂದ ಪಡೆ ಟ್ವೀಟಿಯ ಹೊಟ್ಟೆಯೊಳಗಿಂದ ಇಳಿಯುವುದನ್ನು ನೋಡಿ ಊರು ನಕ್ಕಿತು. ಮರ್ಯಾದೆ ಉಳಿಸಲು ಚಿತ್ರಗಳಿಗೆ ತಾಡಪತ್ರಿ ಮುಚ್ಚಿದರು. ಟ್ವೀಟಿಯನ್ನು ಬಿಡುಗಡೆ ಮಾಡಿ ಅಂತ ಜನ ಚಳವಳಿಯನ್ನೇ ಶುರು ಮಾಡಿದರು. ಕಾರ್ಟೂನಿಗೆ ತಾಡಪತ್ರಿ ಮುಚ್ಚಿದ ಸರ್ಕಾರವನ್ನು ಕಾರ್ಟೂನಿನಿಂದ ಬೇರೆ ಮಾಡಿ ನೋಡುವುದು ಕಷ್ಟ.

ಲಾಠಿ ಬೀಸಿದ್ದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಮತ ಹಾಕಿದವರಲ್ಲಿ ನೂರಕ್ಕೆ ತೊಂಬತ್ತು ಹೋಗೋಣ ಅಂದರು, ಆದರೆ ಮತ ಹಾಕಿದವರೇ ನೂರಕ್ಕೆ ನಲವತ್ತಮೂರು. ಉಳಿದವರು ಮನೆಯಲ್ಲಿ ಕೂತರು. ಅಂದು ರಾತ್ರಿ ಪ್ರಧಾನಿ ರಹೋಯ್ ಟಿವಿಗೆ ಬಂದು, ಈ ದಿನ ಜನಮತಗಣನೆ ನಡೆದೇ ಇಲ್ಲ ಅಂದುಬಿಟ್ಟರು. ನಡೆಯದೇ ಇದ್ದ ಆ ಸಂಗತಿಗಾಗಿ ಒಂಬತ್ತು ಮಂದಿಗೆ 9ರಿಂದ 13 ವರ್ಷ ಜೈಲಾಯಿತು.

ನಮ್ಮ ಮತದಾನ ಶನಿವಾರ ಸಂಜೆ, ಸಿ ವಿಂಗಿನ ಲಾಬಿಯಲ್ಲಿ. ಶುಕ್ರವಾರ ರಾತ್ರಿಯೇ ನಮ್ಮ ಲಿಫ್ಟಿನ ವಾರ್ಷಿಕ ದುರಸ್ತಿಗೆ ಮುಹೂರ್ತ ಬಂದುಬಿಟ್ಟಿತು. ಇರಾಕಿನ ಕುರ್ದರು 2017ರ ಸೆಪ್ಟೆಂಬರ್ 25ರಂದು ನೂರಕ್ಕೆ ತೊಂಬತ್ತೆರಡಕ್ಕೂ ಮೇಲೆ ಸ್ವತಂತ್ರರಾಗೋಣ ಅಂದ ನಾಲ್ಕೇ ದಿನಕ್ಕೆ ಬಾಗ್ದಾದ್ ಅವರ ವಿಮಾನ ನಿಲ್ದಾಣಗಳಿಗೆ ಹೊರದೇಶದ ವಿಮಾನ ಬರದಂತೆ ಮಾಡಿತು, ಮೂರು ವಾರದಲ್ಲಿ ಎಣ್ಣೆಬಾವಿಗಳ ಕಿರ್ಕುಕ್ ಪಟ್ಟಣವನ್ನೇ ಕಿತ್ತುಕೊಂಡಿತು. ನಮ್ಮ ಅಧ್ಯಕ್ಷರು ಅಷ್ಟು ದೂರ ಹೋಗಲಿಲ್ಲ, ಲಿಫ್ಟಿಗೆ ತೃಪ್ತರಾದರು. ಹನ್ನೊಂದನೇ ಮಹಡಿಯ ಅಜ್ಜಿ ಮೆಟ್ಟಿಲಿಳಿದು ಬಂದು, ಮೊಣಕಾಲು ನೀವಿಕೊಂಡು, ಯಾವುದಕ್ಕೆ ಮತ ಅಂತಲೂ ಕೇಳದೆ ‘ಹೋಗೋಣ’ ಚೀಟಿ ಹಾಕಿದರು. ಅವರು ಹೋಗೋಣ ಅಂದದ್ದು ಮನೆಗೆ ಅಂತ ಆಮೇಲೆ ಗೊತ್ತಾಯಿತು. ಮತ ಸಿಂಧು ಅಂತಲೇ ಹಿಡಿದೆವು.

ಪರ 38, ವಿರುದ್ಧ 2. ಆ ಎರಡರಲ್ಲೊಂದು ನನ್ನದು. ಟ್ಯಾಂಕರಿನ ಪೂರಾ ಬಿಲ್ಲು ನಾವೇ ಕಟ್ಟಬೇಕಾಗುತ್ತದಲ್ಲ ಅಂತ ಕೊನೆ ಗಳಿಗೆಯಲ್ಲಿ ಲೆಕ್ಕ ಹಾಕಿ ಹೆದರಿದೆ. ಸ್ಕಾಟ್ಲೆಂಡಿನವರು 2014ರ ಸೆಪ್ಟೆಂಬರ್ 18ರಂದು ಹೆದರಿದ್ದೂ ಹೆಚ್ಚುಕಡಿಮೆ ಹೀಗೇ, ಪಿಂಚಣಿ ಏನಾದೀತು, ಪೌಂಡು ಏನಾದೀತು ಅಂತ. ಲಂಡನ್ನಿನವರು ಜಾಣರು, ಲಾಠಿ ತರಲಿಲ್ಲ, ಕಾಗದ ತಂದರು. ಮತದಾನಕ್ಕೆ ಎರಡು ದಿನ ಇರುವಾಗ ಮೂರು ದೊಡ್ಡ ಪಕ್ಷಗಳ ನಾಯಕರು ಸೇರಿ, ಇರಿ, ನಿಮಗೆ ಇನ್ನಷ್ಟು ಅಧಿಕಾರ ಕೊಡುತ್ತೇವೆ ಅಂತ ಪತ್ರಿಕೆಯ ಮುಖಪುಟದಲ್ಲಿ ಪ್ರತಿಜ್ಞೆಯನ್ನೇ ಛಾಪಿಸಿದರು. ನೂರಕ್ಕೆ 55 ಮಂದಿ ಇರುತ್ತೇವೆ ಅಂದರು. ಇನ್ನೊಮ್ಮೆ ಕೇಳಿ ನೋಡೋಣವೇ ಅಂತ ಅವರು ಎದ್ದಾಗ, ಲಂಡನ್ ಒಪ್ಪದೆ ನೀವಾಗಿ ಕೇಳುವಂತಿಲ್ಲ ಅಂತ 2022ರ ನವೆಂಬರ್ 23ರಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬೊಮ್ಮಾಯಿಯವರು ಜತ್ತದ ಠರಾವು ಎಬ್ಬಿಸಿದ ವಾರವೇ ಅದು.

ಹೀಗೆ ಹೊರಗಿನವರನ್ನೆಲ್ಲ ಆಡಿಕೊಂಡು ಕೂತರೆ ಒಳಗಿನ ಹುಣ್ಣು ಮರೆತುಹೋಗುತ್ತದೆ. ಜತ್ತದ ಠರಾವು ಕೇಳಿ ನಾವು ಕನ್ನಡಿಗರು ಆಹಾ, ಜನರ ದನಿ ಅಂದೆವು. 2005ರ ಅಕ್ಟೋಬರಿನಲ್ಲಿ ಬೆಳಗಾವಿಯ ಮಹಾನಗರಪಾಲಿಕೆ ಮಹಾರಾಷ್ಟ್ರಕ್ಕೆ ಹೋಗುವ ಠರಾವು ಮಾಡಿದಾಗ? ಅವರೂ ವೋಟು ಪಡೆದು ಬಂದವರೇ. ಬೆಂಗಳೂರಿಗೆ ಬಂದ ಮೇಯರ್ ಮುಖಕ್ಕೆ ಮಸಿ ಬಳಿದರು, ನಮ್ಮ ಸರ್ಕಾರ ನವೆಂಬರಿನಲ್ಲಿ ಪಾಲಿಕೆಯನ್ನೇ ವಿಸರ್ಜಿಸಿತು. 2011ರಲ್ಲಿ ಮತ್ತೆ ವಿಸರ್ಜಿಸಿತು. 2014ರಲ್ಲಿ ಯಳ್ಳೂರಿನ ‘ಮಹಾರಾಷ್ಟ್ರ ರಾಜ್ಯ’ ಎಂಬ ಬೋರ್ಡನ್ನು ಪೊಲೀಸರ ಕಾವಲಿನಲ್ಲಿ ಕೆಡವಬೇಕಾಯಿತು. ಗಡಿಯ ಈಚೆ ಮಾಡಿದ್ದು ನಾಡದ್ರೋಹ, ಆಚೆ ಮಾಡಿದ್ದು ಜನತಂತ್ರ. ಮುಂಬಯಿಯ ಪಂಚಾಂಗದಲ್ಲಿ ಇದೇ ತಿಥಿ ತಲೆಕೆಳಗಾಗಿ ಬರುತ್ತದೆ. ಹೀಗಾಗಿ ದಿಲ್ಲಿಯನ್ನು ಮಾತ್ರ ದಿಲ್ಲಿ ಅಂದರೆ ಸಾಲದು. ಅಧಿಕಾರ ಎಲ್ಲಿ ಕುರ್ಚಿ ಹಾಕಿ ಕೂತರೂ ಅದು ಎ ವಿಂಗೇ.

ವಾಕಡದಲ್ಲಿ ಗಡಿ ದಾಟಲು ಗೊತ್ತಿರುವುದು ಒಬ್ಬನಿಗೇ. ಚೈತ್ರದ ಹನುಮಜ್ಜಯಂತಿಯ ದಿನ ಮ್ಹಾತೋಬಾನ ಬಗಾಡದ ತೇರು ಹಿಂಜವಡಿಯಿಂದ ಹೊರಟು ವಾಕಡಕ್ಕೆ ಬರುತ್ತದೆ. ಆ ಊರಿನ ಆಡಳಿತ ಒಬ್ಬರದು, ಈ ಊರಿನದು ಇನ್ನೊಬ್ಬರದು. ಭಂಡಾರ ಹಾರಿಸುತ್ತ, ಎತ್ತು ಕಟ್ಟಿ ಎಳೆಯುತ್ತ, ಹೆದ್ದಾರಿಯ ಟ್ರಾಫಿಕ್ಕನ್ನು ನಿಲ್ಲಿಸಿ ದಾಟಿಸುತ್ತಾರೆ. ಯಾವ ಸಮಿತಿಯೂ ಇಲ್ಲ.

ನಮ್ಮ ಠರಾವಿಗೆ ಅಧ್ಯಕ್ಷರ ಉತ್ತರ ಸೋಮವಾರ ನೋಟಿಸ್ ಬೋರ್ಡಿಗೆ ಬಂತು. ಶನಿವಾರ ಸಿ ವಿಂಗಿನಲ್ಲಿ ಯಾವ ಮತದಾನವೂ ನಡೆದಿಲ್ಲ. ಆ ಮತದಾನದಲ್ಲಿ ಭಾಗವಹಿಸಿದವರಿಗೆ ಕ್ಲಬ್‌ಹೌಸ್ ಬುಕಿಂಗ್ ಮೂರು ತಿಂಗಳು ಇಲ್ಲ. ಮಹಾರಾಷ್ಟ್ರದ 1960ರ ಸಹಕಾರಿ ಸಂಸ್ಥೆಗಳ ಕಾಯ್ದೆಯಂತೆ ಸೊಸೈಟಿ ಒಡೆಯಲು ಸರ್ವಸಾಧಾರಣ ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಬಹುಮತ ಬೇಕು, ರಿಜಿಸ್ಟ್ರಾರರ ಪೂರ್ವಾನುಮತಿ ಬೇಕು. ಅಂದರೆ ನಾವು ಎ ವಿಂಗಿನಿಂದ ಬಿಡುಗಡೆ ಹೊಂದಲು ಎ ವಿಂಗಿನವರು ಕೈಯೆತ್ತಬೇಕು. ವಿಷಯದ ಆಳ ಅಧ್ಯಯನಕ್ಕೆ ಎ ವಿಂಗಿನ ಮೂವರು, ಸಿ ವಿಂಗಿನ ಮೂವರ ಸಮಿತಿ. ಕೊನೆಯ ಸಾಲು ಓದಿ ಎರಡು ಸಲ ಕಣ್ಣುಜ್ಜಿಕೊಂಡೆ: ಸುಳ್ಳು ಫಾರ್ವರ್ಡುಗಳಿಂದ ವಾತಾವರಣ ಕೆಟ್ಟಿದೆ.

ಆದರೆ ಬುಧವಾರ ಪ್ಲಂಬರ್ ಬಂದ. ನೆಲದಡಿಯ ಟಾಕಿಯಿಂದ ಸಿ ವಿಂಗಿಗೆ ಎರಡಿಂಚಿನ ಬೇರೆ ಪೈಪು, ಬೇರೆ ಮೋಟಾರು. ಎರಡು ವರ್ಷದಿಂದ ತಾಂತ್ರಿಕವಾಗಿ ಅಸಾಧ್ಯ ಅಂತ ಸ್ಟ್ಯಾಂಪು ಬಿದ್ದಿದ್ದ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಸಮಿತಿ ಇನ್ನೂ ಸೇರಿಲ್ಲ. ನಿನ್ನೆ ಜಿಮ್ಮಿನ ಹೊರಗೆ ಬಿ ವಿಂಗಿನವರು ಗುಂಪಾಗಿ ನಿಂತು ಪಿಸುಪಿಸು ಮಾತಾಡುತ್ತಿದ್ದರು. ಅವರ ಕೈಯಲ್ಲೂ ಒಂದು ಕಾಜುಕತ್ಲಿ ಡಬ್ಬಿ ಕಂಡ ಹಾಗಾಯಿತು. ಅವರಿಗೆ ನೀರಿನ ತೊಂದರೆ ಇಲ್ಲವಲ್ಲ ಅಂದೆ. ಪಾರ್ಕಿಂಗಿಗೆ ಶೆಡ್ಡು ಬೇಕಂತೆ.

ಇಂದು ಬೆಳಿಗ್ಗೆ ಕಾಕಾ ಟ್ಯಾಂಕರು ತಂದು ಹಚ್ಚಿದ. ಊರ ಕಡೆ ನೀರು ಹೇಗೆ ಅಂತ ಕೇಳಿದೆ. ಪೈಪು ಹೊಲದ ತನಕ ಬಂದೈತ್ರಿ, ಇನ್ನ ನೀರ ಬರಬೇಕು ಅಂದ. ಅಂಗಿಯ ಜೇಬಿನಿಂದ ಚೀಟಿಪುಸ್ತಕ ತೆಗೆದು, ಒದ್ದೆ ಹೆಬ್ಬೆರಳಿನಿಂದ ಹಾಳೆ ತಿರುವಿ, ಪೆನ್ನು ಹಿಡಿದು ನಿಂತ.

‘ಸಾಹೇಬ್ರ, ಹೆಸರ ಏನ್ ಬರೀಲಿ? ಸೊಸೈಟಿ ಅಂತ ಬರೀಲೊ, ಸಿ ವಿಂಗ್ ಅಂತ ಬರೀಲೊ?’

‘ರೊಕ್ಕ ಕೊಡುವವರು ಯಾರೋ ಅವರ ಹೆಸರು ಬರಿ ಕಾಕಾ.’

ಅವನು ಎ ವಿಂಗಿನ ಕಡೆಗೊಮ್ಮೆ ನೋಡಿದ, ನನ್ನ ಕಡೆಗೊಮ್ಮೆ ನೋಡಿದ.

‘ಖಾಲಿ ಬಿಡ್ತೇನ್ ತಗೋರಿ’ ಅಂತ ಚೀಟಿ ಹರಿದು ಕೈಗೆ ಕೊಟ್ಟ.